ಮಾಗಡಿ ಕೆರೆಗೆ ಬಿದ್ದ ರಾಮ್ಸಾರ್ ಮುದ್ರೆ ಹಾವೇರಿಯ ಕೆರೆಗಳಿಗೆ ಏಕಿಲ್ಲ?

2024ರ ಜನವರಿ 31ರಂದು ಕೇಂದ್ರ ಪರಿಸರ ಸಚಿವಾಲಯ ಐದು ಹೆಸರುಗಳನ್ನು ಪ್ರಕಟಿಸಿತು. ‘ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ’ಗಳ ಪಟ್ಟಿಗೆ, ಅಂದರೆ ರಾಮ್ಸಾರ್ ಪಟ್ಟಿಗೆ, ಹೊಸದಾಗಿ ಸೇರಿದ ಆ ಐದರಲ್ಲಿ ಎರಡು ತಮಿಳುನಾಡಿನವು, ಮೂರು ನಮ್ಮವು. ಉತ್ತರ ಕನ್ನಡದ ಅಘನಾಶಿನಿ ಅಳಿವೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ. ಇದರೊಂದಿಗೆ ದೇಶದ ರಾಮ್ಸಾರ್ ತಾಣಗಳ ಸಂಖ್ಯೆ 80ಕ್ಕೆ ಮುಟ್ಟಿತು.

ಮಾಗಡಿ ಎಂದಕೂಡಲೇ ಬೆಂಗಳೂರು ಕಡೆಯವರಿಗೆ ಕೆಂಪೇಗೌಡರ ಮಾಗಡಿ ನೆನಪಾಗುತ್ತದೆ. ಇದು ಆ ಮಾಗಡಿಯಲ್ಲ. ಹಾವೇರಿಯಿಂದ ಹೊರಟು ಸವಣೂರು, ಲಕ್ಷ್ಮೇಶ್ವರ ದಾಟಿದರೆ ಸಿಗುವ, ಶಿರಹಟ್ಟಿ ತಾಲ್ಲೂಕಿನ ಊರು. 1997ರಲ್ಲಿ ಗದಗ ಮತ್ತು ಹಾವೇರಿ ಬೇರೆ ಬೇರೆ ಜಿಲ್ಲೆಗಳಾಗುವ ತನಕ ಮಾಗಡಿಯೂ ರಾಣೆಬೆನ್ನೂರೂ ಬ್ಯಾಡಗಿಯೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. ಅದೇ ಬಯಲುಸೀಮೆ, ಅದೇ ಹಿಂಗಾರು ಬೆಳೆ, ಮಳೆನೀರು ಹಿಡಿಯಲು ಕಟ್ಟಿದ ಅದೇ ಬಗೆಯ ಕೆರೆ. ಆದರೂ ಸುಮಾರು 50 ಹೆಕ್ಟೇರಿನ ಮಾಗಡಿ ಕೆರೆ ಇಂದು ಜಗತ್ತಿನ ಪಟ್ಟಿಯಲ್ಲಿದೆ, ಹಾವೇರಿ ಜಿಲ್ಲೆಯ ಒಂದೇ ಒಂದು ಕೆರೆಯೂ ಅದರಲ್ಲಿಲ್ಲ.

ಈ ಪಟ್ಟಿಯನ್ನು ಯಾರು ಮಾಡುತ್ತಾರೆ, ಯಾವ ತಕ್ಕಡಿಯಲ್ಲಿ ತೂಗುತ್ತಾರೆ, ಆ ತಕ್ಕಡಿ ಎಲ್ಲಿಂದ ಬಂತು ಎಂಬುದನ್ನು ಈ ಬರಹದಲ್ಲಿ ನೋಡೋಣ. ಅದು ಗೊತ್ತಾದರೆ ನಮ್ಮ ಕೆರೆಗಳು ಏಕೆ ಹೊರಗುಳಿದವು ಎಂಬುದೂ ಗೊತ್ತಾಗುತ್ತದೆ.

ಹಕ್ಕಿಯ ಚಿಂತೆಯಿಂದ ಹುಟ್ಟಿದ ಒಪ್ಪಂದ

ಕತೆ ಯುರೋಪಿನಲ್ಲಿ ಶುರುವಾಗುತ್ತದೆ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಸರ್ಕಾರಗಳಿಗೆ ಜೌಗು ನೆಲವೆಂದರೆ ಬೀಳು ನೆಲ, ಸೊಳ್ಳೆ ಹುಟ್ಟುವ ಜಾಗ. ಕಾಲುವೆ ತೋಡಿ ನೀರು ಬಸಿದು ಹೊಲ ಮಾಡುವುದೇ ಅಭಿವೃದ್ಧಿ ಎನಿಸಿಕೊಂಡಿತ್ತು. ನೀರು ಹೋದಂತೆ ಬಾತುಗಳೂ ಕಡಿಮೆಯಾದವು. ಇದನ್ನು ಮೊದಲು ಗಮನಿಸಿದವರಲ್ಲಿ ಪಕ್ಷಿತಜ್ಞರು ಇದ್ದಂತೆ ಬಾತು ಬೇಟೆಯ ಹವ್ಯಾಸಿಗಳೂ ಇದ್ದರು. ವಲಸೆ ಹಕ್ಕಿ ಒಂದು ದೇಶದಲ್ಲಿ ಮರಿ ಮಾಡಿ, ಇನ್ನೊಂದು ದೇಶದಲ್ಲಿ ಚಳಿಗಾಲ ಕಳೆದು, ನಡುವೆ ನಾಲ್ಕಾರು ದೇಶಗಳಲ್ಲಿ ಇಳಿದು ಹೋಗುತ್ತದೆ. ಒಂದು ದೇಶ ತನ್ನ ಕೆರೆಯನ್ನು ಉಳಿಸಿಕೊಂಡು ಇನ್ನೊಂದು ದೇಶ ಬಸಿದುಬಿಟ್ಟರೆ ಹಕ್ಕಿಗೆ ಏನೂ ಉಪಯೋಗವಿಲ್ಲ. ಹಾಗಾಗಿ ದೇಶ ದೇಶಗಳ ನಡುವೆ ಒಪ್ಪಂದ ಬೇಕಾಯಿತು.

ಸ್ವಿಟ್ಜರ್ಲೆಂಡಿನ ಪ್ರಕೃತಿವಿಜ್ಞಾನಿ ಲುಕ್ ಹಾಫ್‌ಮನ್ ಫ್ರಾನ್ಸಿನ ದಕ್ಷಿಣ ತೀರದ ಕಮಾರ್ಗ್ ಎಂಬ ಜೌಗುಸೀಮೆಯಲ್ಲಿ ಸಂಶೋಧನಾ ಕೇಂದ್ರ ಕಟ್ಟಿಕೊಂಡಿದ್ದವರು. 1962ರಲ್ಲಿ ಅದೇ ಸೀಮೆಯಲ್ಲಿ ಅವರ ಮುಂದಾಳತ್ವದಲ್ಲಿ ನಡೆದ ಸಮ್ಮೇಳನ ಇಂಥ ಒಪ್ಪಂದವೊಂದು ಬೇಕೆಂದು ಕೇಳಿತು. ಮುಂದಿನ ಎಂಟು ವರ್ಷ ಕರಡು, ಸಭೆ, ಮತ್ತೆ ಕರಡು. ಕೊನೆಗೆ ಇರಾನಿನ ವನ್ಯಜೀವಿ ಇಲಾಖೆಯ ಮುಖ್ಯಸ್ಥ ಎಸ್ಕಂದರ್ ಫಿರೂಜ್ ಸಭೆಗೆ ತಮ್ಮಲ್ಲಿ ಜಾಗ ಕೊಟ್ಟರು. ಕ್ಯಾಸ್ಪಿಯನ್ ಸಮುದ್ರದ ದಡದ ರಾಮ್ಸಾರ್ ಎಂಬ ಊರಿನಲ್ಲಿ 1971ರ ಫೆಬ್ರುವರಿ 2ರಂದು 18 ದೇಶಗಳು ಒಪ್ಪಂದಕ್ಕೆ ಬಂದವು. ಫೆಬ್ರುವರಿ 2ನ್ನು ವಿಶ್ವ ಜೌಗುಭೂಮಿ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. 1974ರಲ್ಲಿ ಆಸ್ಟ್ರೇಲಿಯಾ ತನ್ನ ಕೋಬರ್ಗ್ ಪರ್ಯಾಯದ್ವೀಪವನ್ನು ಹೆಸರಿಸಿತು. ಅದು ಜಗತ್ತಿನ ಮೊದಲ ರಾಮ್ಸಾರ್ ತಾಣ. ಏಳು ದೇಶಗಳು ಸೇರಿದ ಮೇಲೆ, 1975ರ ಡಿಸೆಂಬರ್‌ನಲ್ಲಿ ಒಪ್ಪಂದ ಜಾರಿಗೆ ಬಂತು.

ಆ ಒಪ್ಪಂದದಲ್ಲಿ ಜೌಗುಭೂಮಿಗೆ ಕೊಟ್ಟ ವ್ಯಾಖ್ಯೆಯಲ್ಲೇ ನಮ್ಮ ಕೆರೆಗಳ ಭಾಗ್ಯ ಅಡಗಿತ್ತು. ಜೌಗು ಎಂದರೆ ನಮಗೆ ಕಾಲಿಟ್ಟರೆ ಹೂತುಹೋಗುವ ನೆಲ. ಅವರ ವ್ಯಾಖ್ಯೆ ಅದಕ್ಕಿಂತ ಬಹಳ ಅಗಲ. ನೀರು ಸಿಹಿಯಿರಲಿ ಉಪ್ಪಿರಲಿ, ನಿಂತಿರಲಿ ಹರಿಯುತ್ತಿರಲಿ, ವರ್ಷವಿಡೀ ಇರಲಿ ಬೇಸಿಗೆಗೆ ಬತ್ತಲಿ, ಪ್ರಕೃತಿ ಮಾಡಿದ್ದಿರಲಿ ಮನುಷ್ಯ ಕಟ್ಟಿದ್ದಿರಲಿ, ಎಲ್ಲವೂ ಅದರೊಳಗೆ ಬರುತ್ತದೆ. ಸಮುದ್ರವಾದರೆ ಇಳಿತದ ವೇಳೆ ಆರು ಮೀಟರ್ ಆಳದ ತನಕ. ‘ಮನುಷ್ಯ ಕಟ್ಟಿದ್ದು’ ಎಂಬ ಮಾತು ಅಲ್ಲಿರದಿದ್ದರೆ ಏರಿ, ತೂಬು, ಕೋಡಿ ಇರುವ ಮಾಗಡಿ ಕೆರೆ ಆ ಪಟ್ಟಿಯ ಹತ್ತಿರವೂ ಸುಳಿಯುತ್ತಿರಲಿಲ್ಲ.

ಒಂಬತ್ತು ಮಾನದಂಡ

ರಾಮ್ಸಾರ್ ಪಟ್ಟಿಗೆ ಸೇರಲು ಇವತ್ತು ಒಂಬತ್ತು ಮಾನದಂಡಗಳಿವೆ. ಒಂಬತ್ತನ್ನೂ ದಾಟಬೇಕಿಲ್ಲ, ಒಂದನ್ನು ದಾಟಿದರೂ ಸಾಕು. ಆದರೆ ಒಂಬತ್ತೂ ಒಂದೇ ದಿನ ಹುಟ್ಟಿದ್ದಲ್ಲ. ಹಕ್ಕಿಯಿಂದ ಶುರುವಾದ ಒಪ್ಪಂದ ಕ್ರಮೇಣ ಕಣ್ಣು ತೆರೆದ ಕತೆ ಅದರಲ್ಲಿದೆ.

1971ರ ಒಪ್ಪಂದ ಪರಿಸರ, ಸಸ್ಯ, ಪ್ರಾಣಿ, ಜಲವಿಜ್ಞಾನದ ದೃಷ್ಟಿಯಿಂದ ಮಹತ್ವವಿರಬೇಕು ಎಂದಷ್ಟೇ ಹೇಳಿ, ಮೊದಲ ಆದ್ಯತೆಯನ್ನು ನೀರುಹಕ್ಕಿಗಳಿಗೆ ಕೊಟ್ಟಿತ್ತು. ‘ಮಹತ್ವ’ವನ್ನು ಅಳೆಯುವುದು ಹೇಗೆ? 1980ರಲ್ಲಿ ಇಟಲಿಯ ಕಲ್ಯಾರಿಯಲ್ಲಿ ಸೇರಿದ ಸದಸ್ಯ ದೇಶಗಳ ಮೊದಲ ಸಭೆ ಅದಕ್ಕೆ ಮಾನದಂಡಗಳನ್ನು ಒಪ್ಪಿತು. ಆಗ ತಕ್ಕಡಿಯಲ್ಲಿ ಹೆಚ್ಚು ತೂಕ ಹಕ್ಕಿಯದೇ. ಮೀನಿನ ಲೆಕ್ಕ ಸೇರಿದ್ದು 1996ರ ಬ್ರಿಸ್ಬೇನ್ ಸಭೆಯಲ್ಲಿ. ಹಕ್ಕಿಯಲ್ಲದ ಇತರ ಪ್ರಾಣಿಗಳಿಗೆ, ಅಂದರೆ ನೀರುನಾಯಿ, ಆಮೆ, ಮೊಸಳೆಯಂಥವಕ್ಕೆ, ಸಂಖ್ಯೆಯ ಮಾನದಂಡ ಬಂದದ್ದು 2005ರ ಕಂಪಾಲಾ ಸಭೆಯಲ್ಲಿ.

ಒಂಬತ್ತನ್ನು ಸರಳವಾಗಿ ಹೀಗೆ ಹೇಳಬಹುದು. ಒಂದು, ಆ ಸೀಮೆಯಲ್ಲಿ ಅಪರೂಪವಾದ ಅಥವಾ ಮಾದರಿಯಾದ ಸಹಜ ಜೌಗುಭೂಮಿ. ಎರಡು, ಅಳಿವಿನ ಭಯದಲ್ಲಿರುವ ಜೀವಿಗಳಿಗೆ ಆಸರೆ. ಮೂರು, ಆ ಸೀಮೆಯ ಜೀವವೈವಿಧ್ಯ ಉಳಿಯಲು ಬೇಕಾದ ಗಿಡ, ಪ್ರಾಣಿ. ನಾಲ್ಕು, ಜೀವಿಯೊಂದು ಬದುಕಿನ ಕಷ್ಟದ ಘಟ್ಟದಲ್ಲಿ, ಉದಾಹರಣೆಗೆ ವಲಸೆ ಅಥವಾ ಮರಿ ಮಾಡುವ ಕಾಲದಲ್ಲಿ, ಆಶ್ರಯಿಸುವ ಜಾಗ. ಐದು, ನಿಯಮಿತವಾಗಿ 20,000 ಅಥವಾ ಹೆಚ್ಚು ನೀರುಹಕ್ಕಿಗಳು. ಆರು, ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇ 1ರಷ್ಟು ಅಲ್ಲಿ ನಿಯಮಿತವಾಗಿ ಇರಬೇಕು. ಏಳು, ಸ್ಥಳೀಯ ಮೀನುಗಳ ವೈವಿಧ್ಯ. ಎಂಟು, ಮೀನು ಮೊಟ್ಟೆಯಿಟ್ಟು ಬೆಳೆಯುವ ತಾಣ. ಒಂಬತ್ತು, ಹಕ್ಕಿಯಲ್ಲದ ಜಲಾಶ್ರಿತ ಪ್ರಾಣಿಯ ಶೇ 1ರಷ್ಟು ಪಾಲು.

ಪಟ್ಟಿಯಲ್ಲಿ ಎಲ್ಲಿಯೂ ವಿಸ್ತೀರ್ಣದ ಮಾತಿಲ್ಲ ಎಂಬುದನ್ನು ಗಮನಿಸಿ. ಅಘನಾಶಿನಿಯದು 4,801 ಹೆಕ್ಟೇರು, ಅಂಕಸಮುದ್ರದ್ದು 98.76 ಹೆಕ್ಟೇರು, ಮಾಗಡಿಯದು ಅದರ ಅರ್ಧ. ಮೂರೂ ಒಂದೇ ಪಟ್ಟಿಯಲ್ಲಿವೆ.

ಈ ಮಾನದಂಡಗಳನ್ನು ನಮ್ಮ ಕೆರೆಗಳ ಮೇಲೆ ಇಟ್ಟು ನೋಡೋಣ. ಅಂಕಸಮುದ್ರದಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳ ಸಂಖ್ಯೆ 30,000ಕ್ಕೂ ಹೆಚ್ಚು ಎಂದು ಸಚಿವಾಲಯ ಹೇಳಿದೆ. ಐದನೇ ಮಾನದಂಡದ 20,000ದ ಗೆರೆ ಅಲ್ಲಿಗೇ ದಾಟಿತು. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲುಗಳ ಒಟ್ಟು ಸಂಖ್ಯೆಯಲ್ಲಿ ಶೇ 1ಕ್ಕಿಂತ ಹೆಚ್ಚು ಅಲ್ಲಿವೆ. ಆರನೆಯದೂ ದಾಟಿತು.

ಮಾಗಡಿಯ ಬಲವಿರುವುದು ಒಂದೇ ಹಕ್ಕಿಯಲ್ಲಿ. ಅದು ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಬರುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಈ ಜಾತಿಯ ಒಟ್ಟು ಸಂಖ್ಯೆ ಒಂದು ಲಕ್ಷದ ಆಸುಪಾಸು ಎಂಬುದು ಅಂದಾಜು. ಅದರ ಶೇ 1 ಎಂದರೆ ಸುಮಾರು ಒಂದು ಸಾವಿರ. ಮಾಗಡಿಗೆ ಬರುವವು ಸುಮಾರು 8,000! ಜಗತ್ತಿನ ಹೆಬ್ಬಾತುಗಳಲ್ಲಿ ಒಂದು ದೊಡ್ಡ ಪಾಲು ಶಿರಹಟ್ಟಿ ತಾಲ್ಲೂಕಿನ ಒಂದು ನೀರಾವರಿ ಕೆರೆಯಲ್ಲಿ ಚಳಿಗಾಲ ಕಳೆಯುತ್ತದೆ ಎಂದಾಯಿತು. ಅಲ್ಲಿ ದಾಖಲಾದ ಒಟ್ಟು 166 ಜಾತಿಯ ಹಕ್ಕಿಗಳಲ್ಲಿ 130 ವಲಸೆ ಬರುವಂಥವು.

ಹೆಸರು ಕಳಿಸುವವರು ಯಾರು?

ಹೊರದೇಶದ ತಜ್ಞರು ಬಂದು, ಊರೂರು ಸುತ್ತಿ, ಇದು ಚೆನ್ನಾಗಿದೆ ಎಂದು ಆರಿಸುತ್ತಾರೆ ಎಂಬ ಕಲ್ಪನೆ ಬಹಳ ಜನರಲ್ಲಿದೆ. ನಡೆಯುವುದು ತಿರುವುಮುರುವು. ಹೆಸರು ಕೆಳಗಿನಿಂದ ಮೇಲೆ ಹೋಗುತ್ತದೆ. ರಾಜ್ಯದ ಅರಣ್ಯ ಅಥವಾ ಪರಿಸರ ಇಲಾಖೆ ಒಂದು ಜಾಗದ ಮಾಹಿತಿ ಪತ್ರವನ್ನು ಸಿದ್ಧಪಡಿಸಬೇಕು. ಗಡಿ ಗುರುತಿಸಿದ ನಕ್ಷೆ, ನೀರಿನ ಮೂಲ, ಗಿಡ-ಪ್ರಾಣಿಗಳ ಪಟ್ಟಿ, ಹಕ್ಕಿ ಗಣತಿಯ ಅಂಕಿ, ಯಾರ ಒಡೆತನ, ಜನ ಹೇಗೆ ಬಳಸುತ್ತಾರೆ, ಯಾವ ಅಪಾಯಗಳಿವೆ, ಒಂಬತ್ತರಲ್ಲಿ ಯಾವ ಮಾನದಂಡ ದಾಟಿದೆ, ಎಲ್ಲವೂ ಅದರಲ್ಲಿರಬೇಕು. ರಾಜ್ಯದ ಪ್ರಸ್ತಾವನೆಯನ್ನು ಕೇಂದ್ರ ಸಚಿವಾಲಯ ಪರಿಶೀಲಿಸಿ ಸ್ವಿಟ್ಜರ್ಲೆಂಡಿನ ಗ್ಲಾಂಡ್ ಊರಿನಲ್ಲಿರುವ ರಾಮ್ಸಾರ್ ಕಚೇರಿಗೆ ಕಳಿಸುತ್ತದೆ. ಅವರು ಪತ್ರವನ್ನು ತಾಳೆ ನೋಡಿ ಪಟ್ಟಿಗೆ ಸೇರಿಸುತ್ತಾರೆ. ಆರು ವರ್ಷಕ್ಕೊಮ್ಮೆ ಮಾಹಿತಿಯನ್ನು ಹೊಸದು ಮಾಡಬೇಕು. ಅಂದರೆ ನಮ್ಮ ಸರ್ಕಾರ ಬರೆಯದ ಕೆರೆಯನ್ನು ಜಗತ್ತು ಓದುವುದಿಲ್ಲ.

ಇದಕ್ಕೆ ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಭಾರತ ಒಪ್ಪಂದಕ್ಕೆ ಸೇರಿದ್ದು 1982ರ ಫೆಬ್ರುವರಿ 1ರಂದು, ಒಡಿಶಾದ ಚಿಲಿಕಾ ಮತ್ತು ರಾಜಸ್ಥಾನದ ಕೇವಲಾದೇವ್ ಎಂಬ ಎರಡು ಹೆಸರುಗಳೊಂದಿಗೆ. ಕರ್ನಾಟಕದ ಮೊದಲ ತಾಣವಾಗಿ ರಂಗನತಿಟ್ಟು ಸೇರಿದ್ದು 2022ರಲ್ಲಿ. ನಡುವೆ ಕಳೆದದ್ದು 40 ವರ್ಷ. ರಂಗನತಿಟ್ಟು ಅಷ್ಟು ಕಾಲ ಅಜ್ಞಾತವಾಗಿತ್ತೇ? ಇಲ್ಲ. ಸಲೀಂ ಅಲಿ ಹೇಳಿದ ಮೇಲೆ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿದ್ದು 1940ರಲ್ಲಿ. ಒಪ್ಪಂದ ಹುಟ್ಟುವ ಮುಂಚೆಯೇ ಅಲ್ಲಿ ಹಕ್ಕಿಗೆ ರಕ್ಷಣೆ ಇತ್ತು. ಹೆಸರು ಮಾತ್ರ ಮೇಲೆ ಹೋಗಿರಲಿಲ್ಲ. 2022ರ ಆಗಸ್ಟ್ ಹೊತ್ತಿಗೆ, ಸ್ವಾತಂತ್ರ್ಯದ 75ನೇ ವರ್ಷಕ್ಕೆ 75 ತಾಣ ಎಂದು ಕೇಂದ್ರ ಓಡಿದಾಗ ತಮಿಳುನಾಡು 14 ತಾಣಗಳನ್ನು ಪಟ್ಟಿಯಲ್ಲಿ ಇರಿಸಿತ್ತು. 2024ರ ಜನವರಿಗೆ ಅವರದು 16, ನಮ್ಮದು 4. ತಮಿಳುನಾಡಿನಲ್ಲಿ ಕೆರೆ ಹೆಚ್ಚು, ಕರ್ನಾಟಕದಲ್ಲಿ ಕಡಿಮೆ ಎಂದು ಯಾರೂ ಹೇಳಲಾರರು. ಅವರು ಬರೆದು ಕಳಿಸಿದರು ಎಂಬುದಷ್ಟೇ ವ್ಯತ್ಯಾಸ.

ಕಟ್ಟಿದವರು, ಕಾದವರು

ಕರ್ನಾಟಕದ ನಾಲ್ಕು ತಾಣಗಳನ್ನು ಸಾಲಾಗಿ ಇಟ್ಟರೆ ಒಂದು ಸಂಗತಿ ಕಾಣುತ್ತದೆ. ಮಾಗಡಿ ಮತ್ತು ಅಂಕಸಮುದ್ರ ನೀರಾವರಿಗಾಗಿ ಜನ ಕಟ್ಟಿದ ಕೆರೆಗಳು. ರಂಗನತಿಟ್ಟಿನ ನಡುಗಡ್ಡೆಗಳು ಮೂಡಿದ್ದು 1645ರಿಂದ 1648ರ ಹೊತ್ತಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ. ಸಹಜವಾದ ಅಘನಾಶಿನಿ ಅಳಿವೆಯಲ್ಲೂ ಜನ ಚಿಪ್ಪುಮೀನು ಆಯುತ್ತಾರೆ, ಗಜನಿ ಗದ್ದೆಗಳಲ್ಲಿ ಭತ್ತ ಮತ್ತು ಮೀನು ಬೆಳೆಯುತ್ತಾರೆ, ಉಪ್ಪು ತೆಗೆಯುತ್ತಾರೆ. ಅದನ್ನು ನಂಬಿದ ಕುಟುಂಬಗಳು 6,000ದಿಂದ 7,500. ಮನುಷ್ಯ ಕಾಲಿಡದ ಜಾಗಕ್ಕೆ ಸಿಗುವ ಪದವಿ ಇದು ಎಂಬ ತಿಳಿವಳಿಕೆಯನ್ನು ನಮ್ಮ ನಾಲ್ಕೂ ತಾಣಗಳು ಸುಳ್ಳು ಮಾಡುತ್ತವೆ.

ನಮ್ಮ ಸೀಮೆಯ ಶಾಸನಗಳಲ್ಲಿ ಕೆರೆಯ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸವಾಗಿತ್ತು, ಕಾಯುವುದಕ್ಕೆ ಲೆಕ್ಕವಿತ್ತು. ಕೆರೆಯ ದುರಸ್ತಿಗೆ, ಹೂಳೆತ್ತಲು ಎಂದೇ ಭೂಮಿಯನ್ನೋ ಫಸಲಿನ ಪಾಲನ್ನೋ ಎತ್ತಿಡುವ ಪದ್ಧತಿಗೆ ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂಬ ಹೆಸರುಗಳಿದ್ದವು. ಹಿರೇಕೆರೂರು ಸೀಮೆಯಲ್ಲಿ ಕುಮುದ್ವತಿ ನದಿಗೆ ಅಡ್ಡಗಟ್ಟಿದ ವಿಜಯನಗರ ಕಾಲದ ಮದಗ-ಮಾಸೂರು ಕೆರೆ, ಹಾವೇರಿಯ ಪಕ್ಕದ ಹೆಗ್ಗೇರಿ, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಕೆರೆ, ಇವೆಲ್ಲ ಅಂಥ ದುಡಿಮೆಯ ಪರಂಪರೆಗೆ ಸೇರಿದವು. ಹಕ್ಕಿಗಾಗಿ ಯಾರೂ ಕೆರೆ ಕಟ್ಟಲಿಲ್ಲ. ಆದರೆ ಏರಿ ಗಟ್ಟಿಯಾಗಿದ್ದು, ಅಂಗಳದಲ್ಲಿ ನೀರು ನಿಂತು, ದಡದಲ್ಲಿ ಎಮ್ಮೆ ಮೇಯುತ್ತಿದ್ದ ಕಡೆ ಹಕ್ಕಿ ತಾನಾಗಿ ಇಳಿಯಿತು. ಜನ ಅದನ್ನು ಓಡಿಸಲಿಲ್ಲ.

ಮಾಗಡಿಯ ಸುತ್ತಲಿನ ರೈತರು ಮಾಡಿದ್ದು ಅದಕ್ಕಿಂತ ಹೆಚ್ಚು. ಹೆಬ್ಬಾತು ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಮೇವಿಗೆ ಹೊಲಗಳ ಕಡೆ ಹಾರುತ್ತದೆ. ಅದು ಹುಲ್ಲು, ಕಾಳು, ಎಳೆಪೈರು ತಿನ್ನುವ ಹಕ್ಕಿ. ಎಂಟು ಸಾವಿರ ಹೆಬ್ಬಾತು ಎಂದರೆ ಎಂಟು ಸಾವಿರ ಬಾಯಿ. ಆ ಮೇವು ಬರುವುದು ಶೇಂಗಾ, ಕಡಲೆ ಬೆಳೆದವರ ಹೊಲದಿಂದ. ದೆಹಲಿಯ ಪ್ರಕಟಣೆಯಲ್ಲಿ ಹಕ್ಕಿಯ ಲೆಕ್ಕ ಇದೆ, ಈ ಮೇವಿನ ಲೆಕ್ಕ ಇಲ್ಲ. ಒಂಬತ್ತು ಮಾನದಂಡಗಳಲ್ಲಿ ‘ರೈತರ ಸಹನೆ’ ಎಂಬ ಹತ್ತನೆಯದು ಇರಬೇಕಿತ್ತು ಎಂದು ನಮಗೆ ಅನಿಸುತ್ತದೆ.

ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೇಶದ ಮೊದಲ ಎರಡು ತಾಣಗಳಲ್ಲಿ ಒಂದಾದ ಕೇವಲಾದೇವ್ ಸಾಕ್ಷಿ. ಅದೂ ಮನುಷ್ಯ ಕಟ್ಟಿದ ಒಡ್ಡಿನ ನೀರಿನಿಂದ ಆದದ್ದೇ, ಭರತಪುರದ ಅರಸರ ಬಾತು ಬೇಟೆಯ ಜಾಗ. 1938ರಲ್ಲಿ ವೈಸರಾಯ್ ಲಿನ್ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದುರುಳಿಸಿದ ದಾಖಲೆ ಅಲ್ಲಿದೆ. ಹಕ್ಕಿಯನ್ನು ಉರುಳಿಸಿದವರು ದೊರೆಗಳು. ಆದರೆ 1982ರಲ್ಲಿ ಕಾಯ್ದೆ ಬಿಗಿಯಾದಾಗ ಹೊರಗೆ ಹೋಗು ಎನಿಸಿಕೊಂಡದ್ದು ಸುತ್ತಲ ಹಳ್ಳಿಗಳ ಎಮ್ಮೆಗಳು. ಮೇಯಿಸುವುದನ್ನು ನಿಷೇಧಿಸಿದಾಗ ಘರ್ಷಣೆ ನಡೆದು ಜೀವಗಳು ಹೋದವು. ಮುಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನ ಕಂಡುಕೊಂಡದ್ದೇನು? ಎಮ್ಮೆ ಮೇಯದೆ ನೀರಿನ ಹುಲ್ಲು ದಟ್ಟವಾಗಿ ಬೆಳೆದು, ಹಕ್ಕಿಗೆ ಬೇಕಾದ ತೆರೆದ ನೀರೇ ಕಡಿಮೆಯಾಗಿತ್ತು. ಜನರನ್ನು ಹೊರಗಿಟ್ಟದ್ದು ಹಕ್ಕಿಗೂ ಒಳ್ಳೆಯದಾಗಲಿಲ್ಲ. ಕೇವಲಾದೇವ್ ಇಂದಿಗೂ, ಅಪಾಯದಲ್ಲಿರುವ ತಾಣಗಳ ‘ಮಾಂಟ್ರೊ ದಾಖಲೆ’ಯಲ್ಲಿದೆ. 1993ರಲ್ಲಿ ಅದೇ ದಾಖಲೆಗೆ ಬಿದ್ದ ಚಿಲಿಕಾ, 2000ದಲ್ಲಿ ಸಮುದ್ರಕ್ಕೆ ಹೊಸ ಬಾಯಿ ತೆರೆದು ಉಪ್ಪುನೀರಿನ ಹದ ಮರಳಿ ಬಂದ ಮೇಲೆ 2002ರಲ್ಲಿ ಹೊರಬಂತು.

ಹಾಗೆ ನೋಡಿದರೆ ರಾಮ್ಸಾರ್ ಒಪ್ಪಂದ ಜನರನ್ನು ಓಡಿಸಿ ಎಂದು ಎಲ್ಲಿಯೂ ಹೇಳಿಲ್ಲ. ಅದರ ಮೂಲ ಮಾತು ‘ವಿವೇಕದ ಬಳಕೆ’. ಬಳಸಿ, ಆದರೆ ಅದರ ಗುಣ ಕೆಡದಂತೆ ಬಳಸಿ. ನೀರಾವರಿ, ಮೀನುಗಾರಿಕೆ, ದನ ಮೇಯಿಸುವುದು ಎಲ್ಲಕ್ಕೂ ಅದರಲ್ಲಿ ಜಾಗವಿದೆ.

ಕಾಯ್ದೆಯ ಒಂದು ವಿಚಿತ್ರ

ರಾಮ್ಸಾರ್ ಮುದ್ರೆ ಬಿದ್ದ ಮಾತ್ರಕ್ಕೆ ಹಣ ಬರುವುದಿಲ್ಲ, ಕಾವಲುಗಾರ ಬರುವುದಿಲ್ಲ. ಬರುವುದು ಒಂದು ಹೊಣೆ: ತಾಣದ ಸ್ವರೂಪ ಕೆಡುತ್ತಿದ್ದರೆ ದೇಶ ಅದನ್ನು ತಿಳಿಸಬೇಕು. ನಿಜವಾದ ರಕ್ಷಣೆ ಬರಬೇಕಾದ್ದು ದೇಶದ ಕಾಯ್ದೆಯಿಂದ.

ಇಲ್ಲೊಂದು ವಿಚಿತ್ರ ಇದೆ. ಕೇಂದ್ರದ 2017ರ ಜೌಗುಭೂಮಿ ನಿಯಮಗಳು ಒತ್ತುವರಿ, ಕಸ ಸುರಿಯುವುದು, ಸಂಸ್ಕರಿಸದ ಕೊಳಚೆ ಬಿಡುವುದು, ನೀರಿನ ಗೆರೆಯಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಕಟ್ಟುವುದನ್ನು ನಿಷೇಧಿಸುತ್ತವೆ. ಒಳ್ಳೆಯದೇ. ಆದರೆ ಅದೇ ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯಿಂದ ಕುಡಿಯುವ ನೀರಿಗೆಂದು ಕಟ್ಟಿದ ಕೆರೆಗಳನ್ನೂ ನೀರಾವರಿಗೆಂದು ಕಟ್ಟಿದ ರಚನೆಗಳನ್ನೂ ಹೊರಗಿಟ್ಟಿವೆ. ಹಾವೇರಿ ಜಿಲ್ಲೆಯ ಕೆರೆಗಳು ಕಟ್ಟಿದ್ದೇ ಈ ಎರಡಕ್ಕೆ! ರಾಮ್ಸಾರ್ ವ್ಯಾಖ್ಯೆ ‘ಮನುಷ್ಯ ಕಟ್ಟಿದ್ದೂ ಸೇರಿ’ ಎಂದು ತೆರೆದ ಬಾಗಿಲನ್ನು ನಮ್ಮ ನಿಯಮ ಅರ್ಧ ಮುಚ್ಚಿತು.

ಹಾಗಾದರೆ ಮಾಗಡಿ ಒಳಗೆ ಹೋದದ್ದು ಹೇಗೆ? ಉತ್ತರ ಹೆಸರಿನಲ್ಲೇ ಇದೆ. ಪಟ್ಟಿಯಲ್ಲಿರುವುದು ಬರೀ ಮಾಗಡಿ ಕೆರೆ ಅಲ್ಲ, ‘ಮಾಗಡಿ ಕೆರೆ ಸಂರಕ್ಷಣಾ ಮೀಸಲು’. ಅಂಕಸಮುದ್ರವೂ ಅಷ್ಟೇ, ‘ಪಕ್ಷಿ ಸಂರಕ್ಷಣಾ ಮೀಸಲು’. ಇದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದ ವರ್ಗ. ಅಭಯಾರಣ್ಯದಷ್ಟು ಬಿಗಿಯಲ್ಲ. ಸರ್ಕಾರಿ ಜಾಗವನ್ನು ಸುತ್ತಲ ಜನರೊಂದಿಗೆ ಸಮಾಲೋಚಿಸಿಯೇ ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯವರು ಇರಬೇಕು. ಊರಿನ ಕೆರೆಗೆ ಹೊಂದುವ ಅಂಗಿ ಇದು. ಮೊದಲು ಸಂರಕ್ಷಣಾ ಮೀಸಲು, ಆಮೇಲೆ ರಾಮ್ಸಾರ್: ನೀರಾವರಿ ಕೆರೆಗೆ ಕರ್ನಾಟಕದಲ್ಲಿ ಸಿಕ್ಕ ಹಾದಿ ಇದು. ಹಾವೇರಿಯ ಯಾವುದೇ ಕೆರೆ ಹೋಗಬೇಕಾದರೂ ಇದೇ ಹಾದಿ ಕೈಗೆಟುಕುವಂತಿದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ

ನಮ್ಮ ಜಿಲ್ಲೆಗೆ ಪ್ರಾಣಿ ರಕ್ಷಣೆ ಹೊಸದಲ್ಲ. ಕೃಷ್ಣಮೃಗಕ್ಕಾಗಿ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ 1974ರಲ್ಲೇ ಆಯಿತು. ಬಂಕಾಪುರದ ಕೋಟೆಯೊಳಗೆ ನವಿಲುಧಾಮವಿದೆ. ಎರಡೂ ನೆಲದ ಜೀವಿಗಳವು. ನೀರಿಗೆ ಮಾತ್ರ ಏನೂ ಇಲ್ಲ.

ರಾಣೆಬೆನ್ನೂರಿನ ಅನುಭವದಲ್ಲಿ ಒಂದು ಎಚ್ಚರಿಕೆಯೂ ಇದೆ. ಅಲ್ಲಿನ ಹುಲ್ಲು-ಕುರುಚಲಿನ ಬಯಲು ದೊಡ್ಡ ಎರೆಹಕ್ಕಿಯ ನೆಲೆಯೂ ಆಗಿತ್ತು. ಬಯಲು ಎಂದರೆ ಖಾಲಿ ಜಾಗ ಎಂದುಕೊಂಡು ನೀಲಗಿರಿ ನೆಡಲಾಯಿತು. ಕೃಷ್ಣಮೃಗ ಉಳಿದುಕೊಂಡಿತು, ಎರೆಹಕ್ಕಿ ಇಂದು ಅಲ್ಲಿಲ್ಲ. ಒಂದು ಜಾಗ ಯಾವ ಗುಣದಿಂದ ಬೆಲೆಯುಳ್ಳದ್ದು ಎಂದು ತಿಳಿಯದೆ ‘ಅಭಿವೃದ್ಧಿ’ ಮಾಡಿದರೆ ಆ ಗುಣವೇ ಹೋಗುತ್ತದೆ.

ಕೆರೆಗಳಿಗೂ ಈ ಮಾತು ಸಲ್ಲುತ್ತದೆ. ಅಂಕಸಮುದ್ರದ ಹಕ್ಕಿ ಗೂಡು ಕಟ್ಟುವುದು ನೀರಿನ ನಡುವೆ ನಿಂತ ಜಾಲಿ ಮರಗಳಲ್ಲಿ. ಆ ಮರ ಕಡಿದರೆ ಕೊಕ್ಕರೆ ಹೋಯಿತು. ಹೆಬ್ಬಾತಿಗೆ ಬೇಕಾದದ್ದು ಬೇರೆ. ದೂರದಿಂದಲೇ ಅಪಾಯ ಕಾಣುವಂಥ ತೆರೆದ ದಡ, ತೆಳುನೀರು, ಹತ್ತಿರದಲ್ಲಿ ಹೊಲ. ಅಲ್ಲಿ ಜಾಲಿ ಬೆಳೆಸಿದರೆ ಅದು ಇಳಿಯುವುದಿಲ್ಲ. ಒಂದು ಕೆರೆಯ ಔಷಧ ಇನ್ನೊಂದರ ವಿಷ. ಆದರೆ ನಮ್ಮ ಪಟ್ಟಣಗಳ ಕೆರೆ ಅಭಿವೃದ್ಧಿ ಎಂದರೆ ಎಲ್ಲ ಕಡೆ ಒಂದೇ ನಕ್ಷೆ: ಸುತ್ತ ಕಲ್ಲುಕಟ್ಟಡ, ನಡಿಗೆಪಥ, ದೀಪ, ದೋಣಿ.

ನೀರು ತುಂಬಿಸುವ ಯೋಜನೆಗಳನ್ನೂ ಈ ದೃಷ್ಟಿಯಿಂದ ನೋಡಬೇಕು. ಬ್ಯಾಡಗಿ ತಾಲ್ಲೂಕಿನ ಆಣೂರು ಕೆರೆಗೆ ನದಿನೀರು ಬೇಕೆಂದು ರೈತರು ಹೋರಾಡಿದ್ದಾರೆ. ಕೆಂಪು ಮೆಣಸಿನಕಾಯಿಗೆ ಹೆಸರಾದ ನಾಡಿನಲ್ಲಿ ಕೊಳವೆಬಾವಿ ಬತ್ತಿದವರ ಕಷ್ಟ ನಮಗೆ ಗೊತ್ತು, ಆ ಬೇಡಿಕೆ ನ್ಯಾಯವಾದದ್ದು. ಇಷ್ಟು ಮಾತ್ರ ನೆನಪಿರಲಿ: ಕೊಕ್ಕರೆ, ಉಲ್ಲಂಕಿಗಳು ಮೇಯುವುದು ಮೊಣಕಾಲುದ್ದದ ನೀರಿನಲ್ಲಿ. ಕೆರೆ ಚಳಿಗಾಲದಲ್ಲೂ ಅಂಚಿನ ತನಕ ತುಂಬಿ ನಿಂತರೆ ಅವುಗಳಿಗೆ ಕಾಲೂರಲು ಜಾಗವಿಲ್ಲ. ಒಂದು ಮಗ್ಗುಲನ್ನು ಇಳಿಜಾರಾಗಿ, ಆಳ ತೆಗೆಯದೆ ಬಿಟ್ಟರೆ ರೈತರಿಗೂ ನಷ್ಟವಿಲ್ಲ, ಹಕ್ಕಿಗೂ ಜಾಗ ಸಿಗುತ್ತದೆ. ಹೂಳೆತ್ತುವ ಮುಂಚೆ ಯೋಚಿಸಬೇಕಾದ ಸಣ್ಣ ಸಂಗತಿ ಇದು, ಆಮೇಲೆ ಸರಿಪಡಿಸಲು ಆಗುವುದಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಹಾವೇರಿಯ ಕೆರೆಗಳು ಏಕೆ ಪಟ್ಟಿಯಲ್ಲಿಲ್ಲ? ಮಾನದಂಡದಲ್ಲಿರುವ ‘ನಿಯಮಿತವಾಗಿ’ ಎಂಬ ಪದ ನೋಡಿ. ಅದಕ್ಕೆ ರಾಮ್ಸಾರ್ ಕೊಡುವ ಅರ್ಥ ಖಚಿತವಾಗಿದೆ. ಕನಿಷ್ಠ ಮೂರು ಹಂಗಾಮುಗಳ ಲೆಕ್ಕ ಇರಬೇಕು, ಅವುಗಳಲ್ಲಿ ಮೂರನೇ ಎರಡು ಭಾಗದಷ್ಟು ಸಲ ಆ ಸಂಖ್ಯೆಯ ಹಕ್ಕಿ ಕಂಡಿರಬೇಕು. ಇಲ್ಲವೇ ಐದು ವರ್ಷಗಳ ಗರಿಷ್ಠ ಸಂಖ್ಯೆಗಳ ಸರಾಸರಿ ಆ ಗೆರೆ ಮುಟ್ಟಬೇಕು. ಒಂದು ಚಳಿಗಾಲದಲ್ಲಿ ಯಾರೋ ಫೋಟೊ ತೆಗೆದು ‘ಸಾವಿರಾರು ಹಕ್ಕಿ’ ಎಂದು ಬರೆದರೆ ಅದು ಸುದ್ದಿಯಾಗುತ್ತದೆ, ದಾಖಲೆಯಾಗುವುದಿಲ್ಲ. ಪ್ರಸ್ತಾವನೆ ನಿಲ್ಲುವುದು ವರ್ಷ ವರ್ಷ, ಅದೇ ಕೆರೆ, ಅದೇ ತಿಂಗಳು ಎಂದು ಬರೆದಿಟ್ಟ ಅಂಕಿಯ ಮೇಲೆ.

ಆ ಅಂಕಿಗೆ ದೊಡ್ಡ ಸಂಸ್ಥೆ ಬೇಕಿಲ್ಲ. ಏಷ್ಯಾ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಎಣಿಸುವವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು. ಮೇಷ್ಟ್ರು, ಕಾಲೇಜು ಹುಡುಗರು, ಅರಣ್ಯ ರಕ್ಷಕರು ಯಾರೂ ಸೇರಬಹುದು. ಇ-ಬರ್ಡ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನೋಡಿದ ಹಕ್ಕಿ, ಎಣಿಸಿದ ಸಂಖ್ಯೆ, ದಿನ, ಜಾಗವನ್ನು ದಾಖಲಿಸಿದರೆ ಅದನ್ನು ಸಂಶೋಧಕರೂ ಇಲಾಖೆಯೂ ಬಳಸಬಹುದು.

ಎಣಿಸಿದ ಮೇಲೂ ಎಲ್ಲ ಕೆರೆ ರಾಮ್ಸಾರ್ ಆಗುವುದಿಲ್ಲ. ಬಹುಶಃ ನಮ್ಮಲ್ಲಿ ಒಂದೂ ಆಗದೆ ಇರಬಹುದು. ಆದರೆ ಎಣಿಕೆಗೆ ಇನ್ನೊಂದು ಬೆಲೆ ಇದೆ. ಉಪಗ್ರಹ ಚಿತ್ರಗಳ ಆಧಾರದ ಮೇಲೆ ಗುರುತಿಸಿದ, 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗುಭೂಮಿಗಳಿಗೆ ರಕ್ಷಣೆ ಇರಬೇಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಪಗ್ರಹಕ್ಕೆ ನೀರು ಕಾಣುತ್ತದೆ. ಆ ನೀರಿನಲ್ಲಿ ಏನಿದೆ, ಕೋಡಿಯ ಕಾಲುವೆಯನ್ನು ಯಾರು ಮುಚ್ಚಿದರು, ಕಳೆದ ವರ್ಷ ಬಂದ ಹಕ್ಕಿ ಈ ವರ್ಷ ಏಕೆ ಬರಲಿಲ್ಲ ಎಂಬುದು ಕಾಣುವುದಿಲ್ಲ. ಅದು ಕಾಣುವುದು ದಡದಲ್ಲಿ ನಿಂತವರಿಗೆ.

ಹಿಂದಿನವರು ಕೆರೆಗೆ ಬಿಟ್ಟ ಭೂಮಿಯ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿದರು. ಹಾಗೆ ಕೆತ್ತಿದ್ದರಿಂದಲೇ ಯಾವ ಕೆರೆಗೆ ಯಾರು ಏನು ಕೊಟ್ಟರು ಎಂದು ನಾವಿಂದು ಓದಬಲ್ಲೆವು. ನಮಗೆ ಕಲ್ಲು ಬೇಡ, ಒಂದು ನೋಟ್‌ಬುಕ್ ಸಾಕು. ಬರುವ ಜನವರಿಯಲ್ಲಿ ನಿಮ್ಮೂರ ಕೆರೆಯ ಏರಿಯ ಮೇಲೆ ಬೆಳಗ್ಗೆ ಒಂದು ತಾಸು ನಿಂತು, ಕಂಡದ್ದನ್ನು ಎಣಿಸಿ, ದಿನಾಂಕ ಹಾಕಿ ಬರೆದಿಡಿ. ಮರುವರ್ಷವೂ ಹೋಗಿ. ಮೂರನೇ ವರ್ಷದ ಹೊತ್ತಿಗೆ ಹಾವೇರಿಯ ಕೆರೆಯೊಂದಕ್ಕೆ ತನ್ನ ಪರವಾಗಿ ಹೇಳಿಕೊಳ್ಳಲು ಮೂರು ಹಂಗಾಮುಗಳ ಲೆಕ್ಕ ಇರುತ್ತದೆ.